ಹಾಯಿದೋಣಿಯಲ್ಲಿ ಇನ್ನೊಬ್ಬರು

ಭಾನುವಾರ ಗಾಜನೂರಿನ ಹಿನ್ನೀರಿನಲ್ಲಿ ಹಾಯಿದೋಣಿ ಕ್ಲಬ್ಬಿನ ಕೊನೆಯ ರೇಸು. ಜೊತೆಗಾರ್ತಿ ಗಗನಾಗೆ ಜ್ವರ ಬಂದಿದ್ದರಿಂದ ಭದ್ರಾವತಿಯ ನವೀನ್ ಇಬ್ಬರ ದೋಣಿಯಲ್ಲಿ ಒಬ್ಬನೇ ಹೊರಟ. ಇದೊಂದು ಗೆದ್ದರೆ ವರ್ಷದ ಟ್ರೋಫಿ ಅವನದೇ.

ನಡುನೀರಿನಲ್ಲಿ ಗಾಳಿ ಬಿರುಸಾಯಿತು. ಅಂಚಿನಾಚೆ ಮೈಚಾಚಿ ಕೂತರೂ ಅವನೊಬ್ಬನ ಭಾರ ಸಾಲದೆ ದೋಣಿ ಇನ್ನೇನು ಮಗುಚುವುದರಲ್ಲಿತ್ತು. ಆಗ ಪಕ್ಕದಲ್ಲಿ ಯಾರೋ ಬಂದು ಕೂತಂತೆ ಅಂಚು ಕಿರುಗುಟ್ಟಿ, ದೋಣಿ ನೆಟ್ಟಗಾಯಿತು. ನವೀನ್ ಅತ್ತ ತಿರುಗಲಿಲ್ಲ; ಟ್ರೋಫಿಯ ಆಸೆ ಹೆದರಿಕೆಗಿಂತ ದೊಡ್ಡದಿತ್ತು.

ಮೊದಲಿಗನಾಗಿ ಬಂದು ದಡಕ್ಕಿಳಿದರೆ, ತೀರ್ಪುಗಾರ ಲಿಂಗಪ್ಪ ಅಡ್ಡಡ್ಡ ತಲೆಯಾಡಿಸಿದರು. "ನಿನ್ನ ರೇಸು ಲೆಕ್ಕಕ್ಕಿಲ್ಲ ಮಾರಾಯ. ಪಕ್ಕದಲ್ಲಿ ಕೂತೋರಿಗೆ ಲೈಫ್ ಜಾಕೆಟ್ ಯಾಕೆ ಹಾಕಿಸ್ಲಿಲ್ಲ?"

"ಯಾರಿಗೆ ಸರ್? ನಾನೊಬ್ನೇ ಇದ್ದಿದ್ದು."

"ತಮಾಷೆ ಸಾಕು. ಇನ್ನೂ ಕೂತೇ ಇದಾರಲ್ಲ, ಮೊದ್ಲು ಕೈ ಕೊಟ್ಟು ಇಳಿಸ್ಕೋ."

ನವೀನ್ ತಿರುಗಿ ನೋಡಿದ. ಖಾಲಿ ದೋಣಿ ಒಂದೇ ಬದಿಗೆ ವಾಲಿ ನಿಂತಿತ್ತು.