ಸೀತು ಅತ್ತೆಯ ಚೌಕ

ಪ್ರೇಮಾನಂದ ಪಾಸಾದ ಸುದ್ದಿ ಕಿರಿಮಂಜೇಶ್ವರಕ್ಕೆ ಮಧ್ಯಾಹ್ನವೇ ಬಂದು ಮುಟ್ಟಿತ್ತು. ಫೇಲಾದ ಪ್ರೇಮಾನಂದ ಸಂಜೆಯ ಬಸ್ಸಿಗೆ ಬಂದ.

ತಪ್ಪು ಅವನ ಅಕ್ಕ ಅಮ್ಮಣಿಯದು. ತಮ್ಮ ಮಣಿಪಾಲದಲ್ಲಿ ಪರೀಕ್ಷೆಗೆ ಕೂತಿರುವಾಗಲೇ ಆಕೆ ಹಟ್ಟಿಯಂಗಡಿಗೆ ಹೋಗಿ ಗಣಪತಿಗೆ ಪಂಚಕಜ್ಜಾಯ ಮಾಡಿಸಿ, ವಾಪಸು ಬರುವಾಗ ಬಸ್ಸಿನಲ್ಲಿದ್ದವರಿಗೆಲ್ಲ ಹಂಚಿ, ಕೇಳಿದವರಿಗೂ ಕೇಳದವರಿಗೂ "ತಮ್ಮ ಪಾಸಾದ" ಎಂದು ಹೇಳಿಬಿಟ್ಟಿದ್ದಳು. ಸಂಜೆ ಅದೇ ಬಸ್ಸು ಹತ್ತಿದ ಪ್ರೇಮಾನಂದನ ಕೈಯನ್ನು ಕಂಡಕ್ಟರ್ ಹಿಡಿದು ಕುಲುಕಿದ. ನಲವತ್ತು ದಾಟಿದ ಗಂಡಸು ತುಂಬಿದ ಬಸ್ಸಿನಲ್ಲಿ ನಿಂತು "ಇಲ್ಲ ಮಾರಾಯ, ಹೋಯ್ತ್" ಎನ್ನುವುದೆಂದರೆ ಸುಲಭವೇ? ಅವನು ಥ್ಯಾಂಕ್ಸ್ ಎಂದ. ಆ ಸುಳ್ಳು ವಾರ ತುಂಬುವ ಮೊದಲೇ ಒಡೆಯಿತು. ಅಂದಿನಿಂದ ಪರೀಕ್ಷೆಯ ವಿಷಯದಲ್ಲಿ ಬಾಯಿ ಹಾಕುವ ಹಕ್ಕನ್ನು ಅಮ್ಮಣಿ ಕಳೆದುಕೊಂಡಳು.

ಎಂಟರ್‌ಪ್ರೈಸ್ ಆರ್ಕಿಟೆಕ್ಚರ್ ಎಂಬುದು ಆ ಪರೀಕ್ಷೆಯ ವಿಷಯ. ಮೊದಲ ಹಂತದ ಸರ್ಟಿಫಿಕೇಟು. ಒಂದು ಕಂಪನಿಯ ಕೆಲಸ, ಮಾಹಿತಿ, ಸಾಫ್ಟ್‌ವೇರು, ಯಂತ್ರ ಇವೆಲ್ಲ ಒಂದರ ಕಾಲು ಒಂದು ಎಳೆಯದೆ ಕೂಡಿ ನಡೆಯುವಂತೆ ಮೊದಲೇ ನಕ್ಷೆ ಹಾಕಿಡುವ ವಿದ್ಯೆ. ಪ್ರೇಮಾನಂದ ದುಡಿಯುವ ಕುಂದಾಪುರದ ಮೀನು ರಫ್ತು ಕಂಪನಿಗೆ ಈ ವಿದ್ಯೆ ಬೇಕೇ ಬೇಕಿತ್ತು. ಅಲ್ಲಿ ಐಸ್ ಪ್ಲಾಂಟಿಗೆ ಒಂದು ಸಾಫ್ಟ್‌ವೇರು, ಬೋಟಿನವರಿಗೆ ಇನ್ನೊಂದು, ಕೋಲ್ಡ್ ಸ್ಟೋರೇಜಿಗೆ ಮತ್ತೊಂದು. ಒಂದರ ಪ್ರಕಾರ ಹಡಗು ಹತ್ತಿ ದುಬೈ ಮುಟ್ಟಿದ ಮೀನು ಇನ್ನೊಂದರ ಪ್ರಕಾರ ಇನ್ನೂ ಸಮುದ್ರದಲ್ಲಿ ಈಜುತ್ತಿತ್ತು.

ಮೊದಲ ಸಲ ಫೇಲಾದಾಗ ಕಂಪನಿಯ ಯಜಮಾನರು ಬೈಯಲಿಲ್ಲ. ಅದೇ ಹೆದರಿಕೆಯ ವಿಷಯ. ಮೆಲ್ಲಗೆ ಹೇಳಿದರು, "ಇನ್ನೊಂದ್ ಸಲ ಬರಿ ಪ್ರೇಮಾನಂದ. ಈ ಸಲವೂ ಆಯ್ಲಿಲ್ಲೆ ಅಂದ್ರೆ ನಮ್ಮ ಅಳಿಯ ಸುಶಾಂತ್ ಮುಂಬೈಯಿಂದ ಬತ್ತ. ನೀನ್ ಅವ್ನ್ ಕೈಕೆಳ್ಗ್ ಇರ್ಕಾತ್ತ್."

ಸುಶಾಂತ್ ಹಿಂದೊಮ್ಮೆ ಬಂದಿದ್ದ. ಬಂಗಡೆಯನ್ನು ಬೆರಳ ತುದಿಯಲ್ಲಿ ಎತ್ತಿ "ಪ್ರಾಡಕ್ಟ್" ಎಂದು ಕರೆದು, ಆಮೇಲೆ ಅರ್ಧ ಗಂಟೆ ಸಾಬೂನು ಹಾಕಿ ಕೈ ತೊಳೆದಿದ್ದ. ಅಂಥವನ ಕೈಕೆಳಗೆ! ಕಂಪನಿಯ ಕಂಪ್ಯೂಟರುಗಳನ್ನು ಉಪ್ಪುಗಾಳಿಯಿಂದ, ಇಲಿಯಿಂದ, ಮೀನಿನ ನೀರಿನಿಂದ ಕಾಪಾಡಿಕೊಂಡು ಬಂದವನು ಪ್ರೇಮಾನಂದ. ಮದುವೆಯ ಯೋಗವೂ ಕೂಡಿಬರದ ಅವನಿಗೆ ಇದ್ದ ಸಂಸಾರ ಅದೊಂದೇ. ಅವನಿಗೆ ನಿಜಕ್ಕೂ ಅಳು ಬಂತು. ಐಸ್ ಪ್ಲಾಂಟಿನ ಹಿಂದೆ ಹೋಗಿ ಅತ್ತುಬಂದ.

ಅವನನ್ನು ಫೇಲು ಮಾಡಿದ್ದು ಒಂದೇ ಪಾಠ. ಯಂತ್ರದ ಪಾಠ, ಮಾಹಿತಿಯ ಪಾಠ ಎಲ್ಲ ನೀರು ಕುಡಿದಷ್ಟು ಸಲೀಸು. ಸ್ಟೇಕ್‌ಹೋಲ್ಡರುಗಳ ಪಾಠ ಬಂದರೆ ಮಾತ್ರ ಇಂಗು ತಿಂದ ಮಂಗ. ಒಂದು ಯೋಜನೆಯಿಂದ ಯಾರಿಗೆ ಏನಾಗುತ್ತದೆ, ಅದನ್ನು ಯಾರು ನಡೆಸಿಕೊಡಬಲ್ಲರು, ಯಾರು ಕೆಡಿಸಬಲ್ಲರು, ಯಾರನ್ನು ಎದುರು ಕೂತು ಒಪ್ಪಿಸಬೇಕು, ಯಾರಿಗೆ ಸುಮ್ಮನೆ ತಿಳಿಸಿದರೆ ಸಾಕು ಎಂದೆಲ್ಲ ಅಳೆಯುವ ಪಾಠ ಅದು. ಮನುಷ್ಯರನ್ನು ಅಳೆಯುವುದು ಪ್ರೇಮಾನಂದನಿಗೆ ಹುಟ್ಟಿದಾಗಿನಿಂದ ಬಂದಿರಲಿಲ್ಲ.

ಹೀಗಿರುವಾಗ ಅಮ್ಮಣಿಯ ಮಗಳು ಶರಣ್ಯಾಳಿಗೆ ಬ್ರಹ್ಮಾವರದ ಹುಡುಗನ ಜೊತೆ ನಿಶ್ಚಿತಾರ್ಥ ಗೊತ್ತಾಯಿತು. ಶುಕ್ರವಾರ ಪರೀಕ್ಷೆ, ಭಾನುವಾರ ನಿಶ್ಚಿತಾರ್ಥ. ಸೋದರಮಾವನಾದ ಮೇಲೆ ಹೇಳಿಕೆಯ ಜವಾಬ್ದಾರಿ ಪ್ರೇಮಾನಂದನದೇ. ನಮ್ಮ ಕಡೆ ಹೇಳಿಕೆ ಎಂದರೆ ಕಾರ್ಡು ಅಚ್ಚು ಹಾಕಿಸಿ ಹಂಚುವುದಲ್ಲ. ಮನೆಬಾಗಿಲಿಗೆ ಹೋಗಿ, ಕೂತು, ಕೊಟ್ಟದ್ದನ್ನು ಕುಡಿದು, ಬಾಯಿಬಿಟ್ಟು "ಬರ್ಕ್", ಅಂದರೆ ಬರಲೇಬೇಕು, ಎನ್ನಬೇಕು. ಹೇಳಿಕೆ ಇಲ್ಲದ ಮನೆಗೆ ನಮ್ಮ ಜನ ಗಂಟಲೊಣಗಿದರೂ ನೀರಿಗೂ ಹೋಗುವವರಲ್ಲ.

ಒಂದೇ ಕಲ್ಲಿಗೆ ಎರಡು ಹಕ್ಕಿ ಹೊಡೆಯುತ್ತೇನೆಂದು ಪ್ರೇಮಾನಂದ ಲೆಕ್ಕ ಹಾಕಿದ. ಹೇಳಿಕೆಯನ್ನು ಪುಸ್ತಕದ ಕ್ರಮದಲ್ಲೇ ಮಾಡಿದರೆ ಪಾಠವೂ ತಲೆಗೆ ಹೋಗುತ್ತದೆ, ಕೆಲಸವೂ ಮುಗಿಯುತ್ತದೆ. ಚಾವಡಿಯ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಾಲ್ಕು ಚೌಕ ಬರೆದ. ಬಲವೂ ಆಸಕ್ತಿಯೂ ಹೆಚ್ಚಿದ್ದವರಿಗೆ ಒಂದು, ಬಲ ಮಾತ್ರ ಇದ್ದವರಿಗೆ ಒಂದು, ಆಸಕ್ತಿ ಮಾತ್ರ ಇದ್ದವರಿಗೆ ಒಂದು, ಎರಡೂ ಇಲ್ಲದವರಿಗೆ ಬಾಗಿಲ ಸಂದಿಯ ಕಡೆ ಒಂದು. ಜನರ ಬದಲು ಮನೆಯ ಸಾಮಾನು ಇಟ್ಟ. ನಮ್ಮವರ ಮುಖಂಡ, ಗುರಿಕಾರ ಸುಬ್ಬಣ್ಣನಿಗೆ ಮೊದಲ ಚೌಕದಲ್ಲಿ ಹಿತ್ತಾಳೆಯ ಚೊಂಬು. ಗಂಡಿನ ಅಪ್ಪನಿಗೆ ಎಲೆಯಡಿಕೆಯ ತಟ್ಟೆ. ಕಂಪನಿಯ ಯಜಮಾನರಿಗೆ ಜುಟ್ಟಿನ ತೆಂಗಿನಕಾಯಿ.

ಬಸ್ರೂರಿನ ಸೀತು ಅತ್ತೆ, ಅಂದರೆ ಅವನ ಅಪ್ಪನ ತಂಗಿ, ನೆನಪಾಗುವಷ್ಟರಲ್ಲಿ ಸಾಮಾನು ಮುಗಿದಿತ್ತು. ಅಂಗಳದಲ್ಲಿ ಅಮ್ಮಣಿ ಒಣಗಲು ಹಾಕಿದ್ದ ಬಂಗಡೆಯಲ್ಲಿ ಒಂದನ್ನು ತಂದು ಬಾಗಿಲ ಸಂದಿಯ ಚೌಕದಲ್ಲಿ ಮಲಗಿಸಿದ.

"ಮಾವ, ಸೀತಜ್ಜಿ ಎಂತಕ್ಕೆ ಒಣ ಬಂಗ್ಡೆ?" ಎಂದು ಶರಣ್ಯಾ ಕೇಳಿದಳು.

"ಬಲ ಇಲ್ಲೆ, ಆಸಕ್ತಿ ಇಲ್ಲೆ. ಹ್ವಾದ್ ಸಲ ಮದಿಮನಿಯಂಗ್ ಕಂಡಿದ್ಯಲೆ, ಊಟಕ್ ಎಬ್ಬಿಸುವರೆಗೂ ಕಂಬಕ್ಕ್ ಒರಗಿ ನಿದ್ರಿ. ಇಂಥವ್ರಿಗ್ ಹೆಚ್ಚ್ ಶ್ರಮ ಪಡುಕಾಗ ಅಂದೇಳಿ ಪುಸ್ತಕದಂಗೇ ಇತ್ತ್."

ಒಳಗಿಂದ ಅಮ್ಮಣಿ ಕೂಗಿದಳು, "ತಮ್ಮ, ಅತ್ತಿ ಮನಿಗ್ ಹೋಯ್ ಹೇಳ್ಕ್, ಕಾಣ್!"

"ನೀನ್ ಪಂಚಕಜ್ಜಾಯದ ವಿಷ್ಯ ಮಾತ್ರ ಮಾತಾಡ್ ಅಕ್ಕ," ಎಂದ ಪ್ರೇಮಾನಂದ.

ಸೀತು ಅತ್ತೆಗೆ ಫೋನಿರಲಿಲ್ಲ. ಅವಳ ಪಕ್ಕದ ಮನೆಯ ಬಾಗಿ ಎಂಬವಳ ಮೊಬೈಲಿಗೆ ಅವನು ಮೆಸೇಜು ಹಾಕಿದ: "ಸೀತು ಅತ್ತೆಗೂ ಬರಲು ತಿಳಿಸುವುದು." ಬಾಗಿ ಬಾವಿಯಿಂದ ಕೊಡಪಾನ ಎತ್ತುತ್ತಾ ಬೇಲಿಯಾಚೆಗೆ ಅದನ್ನು ಕೂಗಿ ಹೇಳಿದಳು. ಹಾಗೆ ಹೇಳಿಕೆ ಮುಗಿಯಿತು. ಇನ್ನೂ ಕೆಲವು ಮನೆಗಳನ್ನು ಅವನು ಇದೇ ಚೌಕಕ್ಕೆ ತಳ್ಳಿ ಮೆಸೇಜಿನಲ್ಲೇ ಮುಗಿಸಿ, ಉಳಿದ ಹೊತ್ತನ್ನೆಲ್ಲ ಓದಿಗೆ ಇಟ್ಟುಕೊಂಡ. ಪುಸ್ತಕ ಎಷ್ಟು ಒಳ್ಳೆಯದು ಎಂದು ಅವನಿಗೆ ಮೊದಲ ಸಲ ಅನ್ನಿಸಿತು.

ಪರೀಕ್ಷೆಯ ಹಿಂದಿನ ದಿನ, ಗುರುವಾರ ಬೆಳಿಗ್ಗೆ, ಅವನು ರಜೆ ಹಾಕಿ ಚಾವಡಿಯಲ್ಲಿ ಕಣ್ಣು ಮುಚ್ಚಿ ಬಾಯಿಪಾಠ ಮಾಡುತ್ತಿದ್ದ. ಕಣ್ಣು ಬಿಟ್ಟಾಗ ಬಾಗಿಲ ಸಂದಿಯ ಚೌಕ ಖಾಲಿ. ಮನೆಯ ಕರಿಬೆಕ್ಕು ಮೆಟ್ಟಿಲಿಳಿದು ಹಿತ್ತಲ ದಾರಿ ಹಿಡಿದಿತ್ತು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ. ಇಲ್ಲಿ ಸಂಕಟ ಯಾರಿಗೆ ಬರಲಿದೆ ಎಂದು ಬಡಪಾಯಿ ಪ್ರೇಮಾನಂದನಿಗೆ ಗೊತ್ತಿರಲಿಲ್ಲ. ಅವನು ಅಂಗಳಕ್ಕೆ ಹಾರಿ ಬೊಬ್ಬೆ ಹೊಡೆದ.

"ಅಕ್ಕಾ! ಸೀತು ಅತ್ತಿನ ಬೆಕ್ಕ್ ಕಚ್ಕಂಡ್ ಹೋಯ್ತ್! ತಲಿ ತಿಂದಾಯ್ತ್!"

"ತಲಿ ಇಲ್ಲೇ ಇತ್ತ್," ಎಂದಿತು ಒಂದು ದನಿ.

ಗೇಟಿನ ಹೊರಗೆ, ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು, ಬಸ್ಸಿಳಿದು ಬಂದ ಸೀತು ಅತ್ತೆ ನಿಂತಿದ್ದಳು.

ಅಮ್ಮಣಿ ಓಡಿಬಂದು ಗೇಟು ತೆಗೆದಳು. "ಒಳ್ಗ್ ಬನಿ ಅತ್ತಿ."

"ಹೇಳ್ಕೆ ಇಲ್ದಿದ್ ಮನಿಗ್ ನಾನ್ ಬತ್ತಿಲ್ಲೆ. ಇಲ್ಲೇ ನಿಂತ್ಕಂಡ್ ಬೈತೆ," ಎಂದು ಅತ್ತೆ ಒಂದು ಹೆಜ್ಜೆ ಹಿಂದೆ ಸರಿದಳು. "ಬಾವಿಕಟ್ಟಿಯಿಂದ ಕೂಗಿ ಕರೂಕೆ ನಾನೆಂತ ಮೀನ್ ಮಾರುಕ್ ಬಂದವ್ಳಾ? ಬಸ್ರೂರಂಗ್ ಎಲ್ಲರೂ ಕೇಂಡ್ರ್, ಸೀತು ಹೋತ್ಳಾ ಅಂದೇಳಿ. ನಾನ್ ಇಲ್ಲೆ ಅಂದೆ. ಹಾಂಗಾರೆ ನಾವೂ ಇಲ್ಲೆ ಅಂದ್ರ್."

ಅಮ್ಮಣಿ ಬೆರಳು ಮಡಚಿ ಎಣಿಸಿದಳು. ಬಸ್ರೂರಿನ ಕಡೆಯವರೆಂದರೆ ನೆಂಟರಲ್ಲಿ ಅರ್ಧ. ಬ್ರಹ್ಮಾವರದವರು ಗಾಡಿ ತುಂಬಿ ಬಂದಾಗ ಹೆಣ್ಣಿನ ಕಡೆ ಬರೀ ಕುರ್ಚಿಗಳು ಕೂತಿದ್ದರೆ ಮುಖ ಎಲ್ಲಿ ಇಟ್ಟುಕೊಳ್ಳುವುದು? ಗಣಪತಿ ಮಾಡಲು ಹೋಗಿ ಅವನಪ್ಪನನ್ನು ಮಾಡಿದ ಹಾಗಾಯಿತು.

ಪ್ರೇಮಾನಂದ ಗೇಟಿನ ಒಳಗೆ, ಅತ್ತೆ ಹೊರಗೆ. ಅಲ್ಲಿಂದಲೇ ಅವನು ಪುಸ್ತಕ, ಪರೀಕ್ಷೆ, ಸುಶಾಂತ್, ಚೌಕ ಎಲ್ಲವನ್ನೂ ವಿವರಿಸಿ ಹೇಳಿದ. ಅತ್ತೆ ಕತ್ತು ಉದ್ದ ಮಾಡಿ ಚಾವಡಿಯ ಕಡೆ ನೋಡಿದಳು.

"ಆ ಚೊಂಬ್ ಯಾರ್?"

"ಸುಬ್ಬಣ್ಣ."

"ಸಮ ಇತ್ತ್. ನಾನ್ ಎಲ್ಲಿದ್ದೆ?"

ಪ್ರೇಮಾನಂದ ಹಿತ್ತಲ ಕಡೆ ಕೈ ತೋರಿಸಿದ. ಬೆಕ್ಕು ಅಲ್ಲಿ ಬಾಯಿ ನೆಕ್ಕಿಕೊಳ್ಳುತ್ತಿತ್ತು. ಅತ್ತೆ ಅದನ್ನು ನೋಡಿ ಕೊಡೆಯನ್ನು ನೆಲಕ್ಕೆ ಕುಟ್ಟಿದಳು. "ಸ್ಕೂಟರ್ ತೆಗಿ. ಮೊದ್ಲ್ ನನ್ನ್ ಮನಿಗ್ ಬಂದ್ ನಂಗ್ ಹೇಳ್ಕ್. ಆಮೇಲೆ ನೀನ್ ಮೆಸೇಜ್ ಹಾಕಿದ್ ಮನಿಗೆಲ್ಲ ಹೋಪ. ಇವತ್ತೇ."

"ನಾಳೆ ಪರೀಕ್ಷೆ ಅತ್ತಿ!"

"ನಾಳೆ ಅಲ್ದಾ? ಇವತ್ತ್ ನಿಂಗೆಂತ ಕೆಲ್ಸ?"

ಇಬ್ಬರೂ ಸ್ಕೂಟರಿನಲ್ಲಿ ಬಸ್ರೂರಿಗೆ ಹೋದರು. ಅತ್ತೆ ಇಳಿದು, ಬೀಗ ತೆಗೆದು, ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಪ್ರೇಮಾನಂದ ಬಾಗಿಲು ತಟ್ಟಿದ. "ಯಾರ್?" ಎಂದು ಒಳಗಿಂದ ಕೇಳಿದಳು. ಈಗಷ್ಟೇ ಬೆನ್ನಿಗೆ ಅಂಟಿಕೊಂಡು ಬಂದವಳು! ಅವನು ಹೆಸರು ಹೇಳಿದ, ಕೂತ, ಬೆಲ್ಲ ನೀರು ಕುಡಿದ, ಭಾನುವಾರ ಬರ್ಕ್ ಎಂದ. "ಅಯ್ಯೋ, ಹೌದಾ? ಬಪ್ಪ," ಎಂದು ಅತ್ತೆ ಹೊಸ ಸುದ್ದಿ ಕೇಳಿದ ಹಾಗೆ ಮುಖ ಅರಳಿಸಿ, ಮತ್ತೆ ಬೀಗ ಹಾಕಿ ಸ್ಕೂಟರು ಹತ್ತಿದಳು.

ಆಮೇಲೆ ಮನೆಯಿಂದ ಮನೆಗೆ. ಪ್ರತಿ ಮನೆಯಲ್ಲೂ ಚಾ, ಪ್ರತಿ ಮನೆಯಲ್ಲೂ ಅವಲಕ್ಕಿ. ಬೇಡ ಎಂದರೆ ಹೇಳಿಕೆಗೆ ಬೆಲೆ ಇಲ್ಲ. ಅತ್ತೆ ಎಲ್ಲೂ ಒಂದು ಮಾತೂ ಆಡಲಿಲ್ಲ. ಹೋದ ಕೂಡಲೇ ಕಂಬ ಹುಡುಕಿ ಒರಗಿ ಕಣ್ಣು ಮುಚ್ಚುತ್ತಿದ್ದಳು. ಮನೆಯವರು ಒಮ್ಮೆ ಅವಳನ್ನು ನೋಡುವುದು, ಒಮ್ಮೆ ಇವನನ್ನು ನೋಡುವುದು, "ಹಾಂ, ಬತ್ತ್" ಎನ್ನುವುದು. ಅಷ್ಟೇ ವ್ಯವಹಾರ. ತಾನು ಬೆವರು ಸುರಿಸಿ ಮಾತಾಡಿದ್ದಕ್ಕಿಂತ ಆ ನಿದ್ದೆಗೇ ಹೆಚ್ಚು ಬೆಲೆ ಇದ್ದದ್ದು ಕಂಡು ಪ್ರೇಮಾನಂದನಿಗೆ ಹೊಟ್ಟೆ ಉರಿಯಿತು.

ದಾರಿಯುದ್ದಕ್ಕೂ ಅವನು ಗಟ್ಟಿಯಾಗಿ ಪಾಠ ಒಪ್ಪಿಸುತ್ತಲೇ ಇದ್ದ. "ಮೊದ್ಲ್ ಈಗ ಇಪ್ಪ ಸ್ಥಿತಿ. ಆಮೇಲೆ ಬೇಕಾದ ಸ್ಥಿತಿ. ಎರಡರ ನಡುವೆ ಇಪ್ಪ ಕೊರತೆ..."

"ಹೊಂಡ ಇತ್ತ್, ಕಾಣ್!" ಎಂದು ಅತ್ತೆ ಹಿಂದಿನಿಂದ ಬೆನ್ನಿಗೆ ಗುದ್ದಿದಳು.

ಸಂಜೆ ಮನೆಗೆ ಬಂದಾಗ ಹೊಟ್ಟೆಯಲ್ಲಿ ಚಾ ಕುಲುಕಿ ಸದ್ದು ಮಾಡುತ್ತಿತ್ತು. ಪುಸ್ತಕ ಬಿಡಿಸಿದರೆ ಅಕ್ಷರದ ಬದಲು ಅವಲಕ್ಕಿ ಕಾಣುತ್ತಿತ್ತು. ಮಡಚಿಟ್ಟು ಮಲಗಿದ. ಈ ಸಲವೂ ಹೋಯಿತು ಎಂದು ಅವನಿಗೆ ಖಾತ್ರಿಯಾಗಿತ್ತು.

ಶುಕ್ರವಾರ ಮಣಿಪಾಲದಲ್ಲಿ ಕಂಪ್ಯೂಟರಿನ ಮುಂದೆ ಕೂತಾಗ ಮೊದಲ ಪ್ರಶ್ನೆಗಳು ಸುಲಭವಾಗಿಯೇ ಹೋದವು. ಆಮೇಲೆ ಬಂತು ನೋಡಿ. ಬಲವೂ ಕಡಿಮೆ, ಆಸಕ್ತಿಯೂ ಕಡಿಮೆ ಇರುವ ಸ್ಟೇಕ್‌ಹೋಲ್ಡರುಗಳ ಜೊತೆ ಹೇಗೆ ನಡೆದುಕೊಳ್ಳಬೇಕು? ಉತ್ತರ ನಾಲ್ಕು. ಪುಸ್ತಕದ ಉತ್ತರ ಅವನಿಗೆ ಗೊತ್ತಿತ್ತು: ಕನಿಷ್ಠ ಶ್ರಮ ಸಾಕು. ಅದನ್ನು ಒತ್ತಲು ಬೆರಳೇ ಏಳಲಿಲ್ಲ. ಬೀಗ ಹಾಕಿದ ಬಾಗಿಲು, ಬೆಲ್ಲ ನೀರು, ಕಂಬಕ್ಕೆ ಒರಗಿದ ತಲೆ ಎಲ್ಲ ಕಣ್ಣಮುಂದೆ ಬಂತು. "ಎದುರು ಹೋಗಿ ಭೇಟಿಯಾಗಬೇಕು" ಎಂಬ ಉತ್ತರವೂ ಅಲ್ಲೇ ಇತ್ತು, ಕರೆಯುತ್ತಿತ್ತು. ಗಡಿಯಾರ ಓಡುತ್ತಿತ್ತು.

ಆಗ ಅವನಿಗೆ ಹೊಳೆಯಿತು. ಪುಸ್ತಕ ತಪ್ಪಲ್ಲ, ಬಂಗಡೆ ಇಟ್ಟ ಜಾಗ ತಪ್ಪು. ಅತ್ತೆ ಇರಬೇಕಾದದ್ದು ಮೊದಲ ಚೌಕದಲ್ಲಿ, ಚೊಂಬಿನ ಪಕ್ಕದಲ್ಲಿ. ಚೊಂಬಿಗಿಂತ ಒಂದು ಮೊಳ ಮುಂದೆಯೇ. ಹಾಗೆ ನೋಡಿದ ಕೂಡಲೇ ಆ ಪಾಠದ ಪ್ರಶ್ನೆಗಳೆಲ್ಲ ಒಂದೊಂದು ಮನೆಯ ಬಾಗಿಲಿನ ಹಾಗೆ ತೆರೆದುಕೊಂಡವು. ಯಾರನ್ನು ಕಂಡು ಯಾರು ಹೂಂ ಅನ್ನುತ್ತಾರೆ, ಯಾರ ಮನೆಗೆ ಮೊದಲು ಹೋಗಬೇಕು, ಎಲ್ಲ ನಿನ್ನೆಯೇ ಚಾದ ಜೊತೆ ಹೊಟ್ಟೆಗೆ ಇಳಿದಿತ್ತು. ಆದರೂ "ಕನಿಷ್ಠ ಶ್ರಮ ಸಾಕು" ಎಂಬಲ್ಲಿ ಒತ್ತುವಾಗ ಅವನ ಬಾಯಿಂದ "ತಪ್ಪಾಯ್ತ್ ಅತ್ತಿ" ಎಂದು ಗಟ್ಟಿಯಾಗಿಯೇ ಬಂದುಬಿಟ್ಟಿತು. ಮೇಲ್ವಿಚಾರಕಿ ಎದ್ದು ಬಂದು, ಕೋಣೆಯಲ್ಲಿ ಅತ್ತೆ ಯಾರಾದರೂ ಇದ್ದಾರೆಯೇ ಎಂದು ಸುತ್ತ ನೋಡಿ ಹೋದಳು.

ಪರದೆಯ ಮೇಲೆ ಪಾಸ್ ಎಂದು ಬಂತು. ಅವನು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು ಮತ್ತೆ ಓದಿದ. ಪಾಸ್ ಎಂದೇ ಇತ್ತು. ಮತ್ತೆ ಅಳು ಬಂತು, ಈ ಸಲ ಅಡಗಿ ಅಳಲು ಐಸ್ ಪ್ಲಾಂಟ್ ಇರಲಿಲ್ಲ. ಸಂಜೆಯ ಬಸ್ಸಿನಲ್ಲಿ ಹಳೆಯ ಕಂಡಕ್ಟರನೇ ಸಿಕ್ಕಿದ. "ಪಾಸಾದೆ ಮಾರಾಯ!" ಎಂದು ಪ್ರೇಮಾನಂದ ತಾನಾಗಿ ಕೈ ಚಾಚಿದ. ಕಂಡಕ್ಟರ್ "ಆಯ್ತ್ ಆಯ್ತ್" ಎಂದು ಆ ಕೈಗೆ ಟಿಕೆಟು ಇಟ್ಟು ಮುಂದೆ ಹೋದ.

ಭಾನುವಾರ ಬಸ್ರೂರಿನಿಂದ ಒಂದು ವ್ಯಾನು, ಅದರ ಹಿಂದೆ ಇನ್ನೊಂದು ವ್ಯಾನು ಬಂತು. ಬ್ರಹ್ಮಾವರದವರಿಗೇ ಕುರ್ಚಿ ಸಾಲದೆ ಪಕ್ಕದ ಮನೆಯಿಂದ ಬೆಂಚು ತರಿಸಬೇಕಾಯಿತು. ಅಮ್ಮಣಿಯ ಮುಖ ನೋಡಬೇಕಿತ್ತು. ಎಲ್ಲರ ಮುಂದಿನ ಸಾಲಿನಲ್ಲಿ, ಗುರಿಕಾರ ಸುಬ್ಬಣ್ಣನ ಪಕ್ಕ, ಕಂಬ ಇದ್ದ ಜಾಗ ನೋಡಿಯೇ ಸೀತು ಅತ್ತೆ ಕೂತಿದ್ದಳು. ಸರಬತ್ತು ಹಿಡಿದು ಬಂದ ಪ್ರೇಮಾನಂದನನ್ನು ಅವಳು ತಡೆದು ನಿಲ್ಲಿಸಿದಳು.

"ಹ್ವಾಯ್, ಪಾಸಾದ್ಯಂಬ್ರಲೆ. ಪರೀಕ್ಷೆಯಂಗ್ ನನ್ನ್ ವಿಷ್ಯ ಎಂತಾರೂ ಕೇಂಡ್ರಾ?"

ಚಪ್ಪರ ಇಡೀ ಕಿವಿಯಾಯಿತು. ಯಜಮಾನರೂ ತಿರುಗಿ ನೋಡಿದರು.

"ಕೇಂಡ್ರ್ ಅತ್ತಿ."

"ಎಂತ ಬರ್ದೆ?"

ಪ್ರೇಮಾನಂದ ಸರಬತ್ತಿನ ತಟ್ಟೆ ನೋಡಿದ. ಕುರ್ಚಿಯ ಕೆಳಗೆ ಮಲಗಿದ್ದ ಕರಿಬೆಕ್ಕನ್ನು ನೋಡಿದ. ಕೊನೆಗೆ ಅತ್ತೆಯ ಮುಖ ನೋಡಿ ಹೇಳಿದ, "ಮೊದ್ಲ್ ಅವ್ರ್ ಮನಿಗ್ ಹೋಯ್ ಹೇಳ್ಕ್ ಅಂದೇಳಿ ಬರ್ದೆ."

"ಹಾಂ. ಅದ್ಕೇ ಪಾಸಾದ್ದ್ ನೀನ್," ಎಂದು ತೀರ್ಪು ಕೊಟ್ಟು, ಊಟಕ್ಕೆ ಎಬ್ಬಿಸಲು ಸುಬ್ಬಣ್ಣನಿಗೆ ಹೇಳಿ, ಸೀತು ಅತ್ತೆ ಕಂಬಕ್ಕೆ ಒರಗಿ ಕಣ್ಣು ಮುಚ್ಚಿದಳು.