ಗಾನವಿ ಸಿಸ್ಟರ್ ಬರಬೇಡ ಅಂದದ್ದು

ಕುಂದಾಣದ ಹತ್ತಿರದ ಹಳ್ಳಿಯೊಂದರ ಆರೋಗ್ಯ ಉಪಕೇಂದ್ರಕ್ಕೆ ಡಾಕ್ಟರು ಬರುವುದಿಲ್ಲ. ನರ್ಸಿಂಗ್ ಓದಿದ ಗಾನವಿಯೇ ಅಲ್ಲಿ ರೋಗಿಗಳನ್ನು ನೋಡಿ, ಬಿಪಿ, ಶುಗರ್‌ಗೆ ಮಾತ್ರೆ ಕೊಡುತ್ತಾಳೆ. ತನ್ನ ಕೈ ಮೀರಿದ್ದನ್ನು ದೊಡ್ಡಾಸ್ಪತ್ರೆಗೆ ಕಳಿಸುತ್ತಾಳೆ.

ದ್ರಾಕ್ಷಿ ತೋಟದ ಕೂಲಿಗೆ ಹೋಗುವ ಅಂಜನಮ್ಮನ ಎದೆಯಲ್ಲಿ ಗಂಟಿರುವುದನ್ನು ಪತ್ತೆ ಮಾಡಿದವಳೂ ಅವಳೇ. ಬೆಂಗಳೂರಿಗೆ ಹೋಗಲೇಬೇಕು, ಜೊತೆಗೆ ತಾನೂ ಬರುತ್ತೇನೆ ಎಂದು ಎಷ್ಟು ಹೇಳಿದರೂ ಅಂಜನಮ್ಮ ಒಪ್ಪಲಿಲ್ಲ. ವಾರವಾರವೂ ಉಪಕೇಂದ್ರಕ್ಕೇ ಬಂದು ಕೂರುತ್ತಿದ್ದಳು.

"ಅಲ್ಲಿ ನಂಗ್ಯಾರು ಗೊತ್ತವ್ವ? ನೀನೇ ಏನಾದ್ರೂ ಕೊಡು. ನೀನ್ ಕೈ ಇಟ್ರೆ ಸಾಕು, ಹಗುರ ಆಯ್ತದೆ."

ತನ್ನ ಮೇಲಿನ ನಂಬಿಕೆಯೇ ಇವಳನ್ನು ಕೊಲ್ಲುತ್ತದೆ ಅನ್ನಿಸಿತು ಗಾನವಿಗೆ. ಹೆದರಿಸಿದರಾದರೂ ಹೋದಾಳೆಂದು ಒಂದು ದಿನ ಗಟ್ಟಿಯಾಗಿಯೇ ಅಂದುಬಿಟ್ಟಳು: "ಆಸ್ಪತ್ರೆಗೆ ಹೋಗೋವರ್ಗೂ ನನ್ ಹತ್ರ ಬರ್ಬೇಡಮ್ಮ."

ಅಂಜನಮ್ಮ ಸೆರಗು ಹೊದ್ದುಕೊಂಡು ಎದ್ದು ಹೋದಳು. ಮತ್ತೆ ಬರಲಿಲ್ಲ. ಬೆಂಗಳೂರಿಗೆ ಹೋಗಿರಬೇಕು ಎಂದುಕೊಂಡು ಗಾನವಿ ಸಮಾಧಾನಪಟ್ಟಳು.

ಬೇಸಿಗೆಯಲ್ಲಿ ಆಶಾ ಕಾರ್ಯಕರ್ತೆ ಬಂದು ಕರೆದಾಗಲೇ ನಿಜ ತಿಳಿದದ್ದು. ಅಂಜನಮ್ಮ ಎಲ್ಲಿಗೂ ಹೋಗಿರಲಿಲ್ಲ. ಗಂಟು ಒಡೆದು ಹುಣ್ಣಾಗಿ ಹಾಸಿಗೆ ಹಿಡಿದಿದ್ದಳು.

"ಬರ್ಬೇಡ ಅಂದ್ಯಲ್ಲವ್ವ," ಎಂದಳು, ಮನೆಗೆ ಬಂದ ಗಾನವಿಯನ್ನು ಕಂಡು. ದೂರುವ ದನಿಯೇನೂ ಅಲ್ಲ.

ಗಾನವಿಯೇ ಅವಳನ್ನು ಬೆಂಗಳೂರಿಗೆ ಕರೆದೊಯ್ದಳು. ಇನ್ನು ನೋವು ತಗ್ಗಿಸಬಹುದು ಅಷ್ಟೇ ಎಂದು ಡಾಕ್ಟರು ವಾಪಸು ಕಳಿಸಿದರು. ಗಾನವಿ ದಿನವೂ ಮನೆಗೆ ಹೋಗಿ ಹುಣ್ಣು ತೊಳೆದು ಕಟ್ಟು ಹಾಕುತ್ತಿದ್ದಳು. ಆಷಾಢದಲ್ಲಿ ಅಂಜನಮ್ಮ ತೀರಿಕೊಂಡಳು.

ಮಣ್ಣು ಮಾಡಿದ ಮಾರನೆಯ ದಿನ ಉಪಕೇಂದ್ರದ ಮುಂದೆ ಹೆಂಗಸರು ಎಂದಿನಂತೆ ಕಾದಿದ್ದರು. ಅವರಲ್ಲಿ ದೊಡ್ಡಾಸ್ಪತ್ರೆಗೆ ಹೋಗಬೇಕಾದವರಿಗೆ ಗದರಿ ಹೇಳಬೇಕೋ, ನಯವಾಗಿ ಹೇಳಬೇಕೋ, ಗಾನವಿಗೆ ಒಂದೂ ತೋಚಲಿಲ್ಲ.