ಬಿಲ್ಲೆಯ ಮೇಲಿನ ಹೆಬ್ಬೆಟ್ಟು

"ನಿನ್ನ ಯಾರ ಮುಂದೆ ಬೈತೀನೋ, ತಪ್ಪು ನಂದಾಗಿದ್ರೆ ಅವರ ಮುಂದೇನೇ ಒಪ್ಕೋತೀನಿ" ಎಂದು ಚನ್ನವೀರೇಶ್ ಮಾತು ಕೊಟ್ಟಾಗ ಮಗಳು ವಚನಾ ಒಂದನೇ ಕ್ಲಾಸು. ಈಗ ಒಂಬತ್ತನೆಯದು.

ಶನಿವಾರ ಹೆಂಡತಿಗೆ ಬೆಳಗಿನ ಡ್ಯೂಟಿ. ಅವನೇ ಮಗಳ ತಲೆಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ವಿಜಯನಗರದಿಂದ ಕೆಂಗೇರಿಯ ಲ್ಯಾಬಿಗೆ ಕರೆತಂದ. ಶುಕ್ರಗ್ರಹದ ಗಾಳಿಯಲ್ಲಿರುವ ಗಂಧಕದ ಅನಿಲ ನೇರಳಾತೀತ ಬೆಳಕನ್ನು ಎಷ್ಟು ಹೀರುತ್ತದೆಂದು ಅಳೆಯುವುದು ಅವನ ಕೆಲಸ. ಮೊದಲು ಖಾಲಿ ನಳಿಗೆಯಲ್ಲಿ ಬೆಳಕು ಹಾಯಿಸಿ ನೋಡಿ, ಆಮೇಲೆ ಅನಿಲ ತುಂಬಬೇಕು. ಇವತ್ತು ಖಾಲಿ ನಳಿಗೆಯೇ ಬೆಳಕನ್ನು ನುಂಗಿತು.

"ಇದನ್ನ ಮುಟ್ಟಿದ್ಯಾ?"

"ಇಲ್ಲಪ್ಪ."

"ಮತ್ತೆ ದೆವ್ವ ಮುಟ್ತಾ? ಒಂದು ಕಡೆ ಕೂತ್ಕೊಳ್ಳೋಕಾಗಲ್ವಾ ನಿಂಗೆ? ಕರ್ಕೊಂಡು ಬಂದಿದ್ದೇ ತಪ್ಪು."

"ಹೋಗ್ಲಿ ಬಿಡಿ ಸಾರ್, ಶುಕ್ರಂಗೇನು ಅರ್ಜೆಂಟಿಲ್ಲ" ಎಂದ, ಅವನ ಕೈಕೆಳಗೆ ಸಂಶೋಧನೆ ಮಾಡುವ ಸುಧೀಂದ್ರ. ವಚನಾ ನಗಲಿಲ್ಲ. ಎರಡೂ ಕೈಗಳನ್ನು ತೊಡೆಯಡಿ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತಳು.

ಸುಧೀಂದ್ರ ಊಟಕ್ಕೆ ಹೋದ ಮೇಲೆ ಚನ್ನವೀರೇಶ್ ನಳಿಗೆಯ ತುದಿಯ ಸ್ಫಟಿಕದ ಬಿಲ್ಲೆಯನ್ನು ಬಿಚ್ಚಿದ. ಬರಿಗಣ್ಣಿಗೆ ತಿಳಿನೀರಿನಂತಿತ್ತು. ನೇರಳಾತೀತ ದೀಪಕ್ಕೆ ಹಿಡಿದಾಗ ಆಚೆಯ ಬಿಳಿ ಕಾಗದ ನೀಲಿಯಾಗಿ ಹೊಳೆಯಿತು. ನಡುವೆ ಕಪ್ಪಗೆ ಒಂದು ಹೆಬ್ಬೆಟ್ಟು. ಅದರ ಗೆರೆಗಳಿಗೆ ಅಡ್ಡಲಾಗಿ ಹಳೆಯ ಗಾಯದ ಕಲೆ. ಈಳಿಗೆಮಣೆಯಲ್ಲಿ ಕುಂಬಳಕಾಯಿ ಹೆಚ್ಚುವಾಗ ಅವನಿಗೇ ಆದದ್ದು. ಗ್ಲೌಸ್ ತೆಗೆದು ಬೆರಳು ಮೂಸಿದ. ಕೊಬ್ಬರಿ ಎಣ್ಣೆ. ಬೆಳಿಗ್ಗೆ ಆತುರದಲ್ಲಿ, ಗ್ಲೌಸ್ ಹಾಕುವ ಮೊದಲೇ ಬಿಲ್ಲೆ ಎತ್ತಿದ್ದ.

ತಲೆ ಎತ್ತಿದಾಗ ವಚನಾ ಆ ಕಾಗದವನ್ನೇ ನೋಡುತ್ತಿದ್ದಳು. ಅವನು ಬೇಗನೆ ಬಿಲ್ಲೆಯನ್ನು ಒರೆಸಿಬಿಟ್ಟ.

"ಎಲ್ಲಿತ್ತು ಸಾರ್ ಪ್ರಾಬ್ಲಮ್ಮು?" ಸುಧೀಂದ್ರ ಬಂದು ಕೇಳಿದ.

"ಬಿಲ್ಲೆ ಕೊಳೆಯಾಗಿತ್ತು."

ಸಂಜೆ ಮೂವರೂ ಒಂದೇ ಮೆಟ್ರೋ ಹತ್ತಿದರು. "ಪುಟ್ಟಿ, ನೆಕ್ಸ್ಟ್ ಟೈಮ್ ಕೈನ ಮನೇಲೇ ಬಿಟ್ಟು ಬಾ" ಎಂದು ಸುಧೀಂದ್ರ ಛೇಡಿಸಿದ. ವಚನಾ ಅಪ್ಪನ ಮುಖ ನೋಡಿದಳು. ಚನ್ನವೀರೇಶ್‌ಗೆ ಕಿವಿ ಬಿಸಿಯಾಯಿತು. ಹೆಬ್ಬೆಟ್ಟನ್ನು ಮುಷ್ಟಿಯೊಳಗೆ ಮಡಚಿಕೊಂಡ. ನಾಯಂಡಹಳ್ಳಿ ದಾಟಿತು. ಮೈಸೂರು ರಸ್ತೆಯೂ ದಾಟಿತು. ದೀಪಾಂಜಲಿ ನಗರದಲ್ಲಿ ಸುಧೀಂದ್ರ "ಬರ್ತೀನಿ ಸಾರ್" ಎಂದು ಇಳಿದ. ಬಾಗಿಲು ಮುಚ್ಚಿಕೊಂಡಿತು.

"ತಪ್ಪಾಯ್ತು ಕಣೇ. ನಂದೇ ಅದು."

"ಗೊತ್ತು. ಅವ್ರು ಇಳಿದು ಹೋದ್ರಲ್ಲ ಅಪ್ಪ" ಎಂದಳು ವಚನಾ.

ಚನ್ನವೀರೇಶ್ ಕೊಟ್ಟ ಮಾತಿಗೆ ತಪ್ಪಿದ್ದ.